ಅಮ್ಮನ ಸೋಸುಗಲ್ಲು

ಬಣ್ಣಗಾರಣ್ಣನಿಗೆ ಬಟ್ಟೆಗೆ ಬಣ್ಣ ಕಟ್ಟುವುದು ನೀರು ಕುಡಿದಷ್ಟು ಸುಲಭ. ಮಿಕ್ಕ ಬಣ್ಣದ ನೀರು ಚೆಲ್ಲುವುದೇ ತಲೆನೋವು. ಚರಂಡಿಗೆ ಬಿಟ್ಟರೆ ಬೀದಿಯವರೆಲ್ಲ ಜಗಳಕ್ಕೆ ಬರುತ್ತಿದ್ದರು. ಕೊನೆಗೆ ಹಿತ್ತಲಿನ ಬತ್ತಿದ ಬಾವಿಗೆ ಸುರಿಯತೊಡಗಿದ. ಎಷ್ಟು ಸುರಿದರೂ ಬಾವಿ ತುಂಬಲಿಲ್ಲ. ಸದ್ಯ, ಪೀಡೆ ತೊಲಗಿತು ಅಂದುಕೊಂಡ.

ಒಂದು ಬೆಳಗ್ಗೆ ನರ್ಸಮ್ಮ ಬಂದಳು. ಚಿಕ್ಕಂದಿನಲ್ಲಿ ಪಕ್ಕದ ಮನೆಯವಳು, ಅವನ ಜೊತೆಯಲ್ಲೇ ಆಡಿ ಬೆಳೆದವಳು.

"ಅಣ್ಣಾ, ಬಣ್ಣದ ನೀರು ಬಾವಿಗೆ ಹಾಕ್ತಿದೀಯಂತೆ? ಕೆಳಗಿನ ಬೀದಿಯಲ್ಲಿ ನಿನ್ನ ಮಗಳಿದ್ದಾಳೆ. ಬಸುರಿ ಹುಡುಗಿ, ಕೈಪಂಪಿನ ನೀರೇ ಕುಡಿಯೋದು."

"ಹೋಗಮ್ಮಾ! ಬಾವಿಗೂ ಆ ಪಂಪಿಗೂ ಮಧ್ಯೆ ಇರೋದೆಲ್ಲ ಬಂಡೆ. ಬಂಡೆ ಸೋಸದೆ ಬಿಡುತ್ತಾ? ಅಮ್ಮನ ಸೋಸುಗಲ್ಲು ಮರೆತುಬಿಟ್ಯಾ?"

ಮರೆಯುವುದುಂಟೇ! ಅಡುಗೆಮನೆ ಮೂಲೆಯಲ್ಲಿ ಮರದ ಚೌಕಟ್ಟು, ಅದರ ಮೇಲೆ ಬಾನಿಯ ಹಾಗೆ ಕೊರೆದ ಕಲ್ಲು, ಕೆಳಗೆ ಮಣ್ಣಿನ ಮಡಕೆ. ಅಮ್ಮ ಹೊಳೆಯ ಕೆಸರು ನೀರು ಸುರಿದರೆ ಕಲ್ಲಿನೊಳಗಿಂದ ಜಿನುಗಿ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು. ಇಬ್ಬರೂ ಪೈಪೋಟಿಯಲ್ಲಿ ಕೆಳಗೆ ಬಾಯಿ ತೆರೆದು ಕೂರುತ್ತಿದ್ದರು. "ಕಲ್ಲಿಗಿಲ್ಲದ ಅವಸರ ನಿಮಗ್ಯಾಕ್ರೋ?" ಎಂದು ಅಮ್ಮ ಗದರುತ್ತಿದ್ದಳು. ಆ ತಣ್ಣನೆ ನೀರಿನ ರುಚಿ ಅವನಿಗೆ ಆಮೇಲೆ ಎಲ್ಲೂ ಸಿಗಲಿಲ್ಲ.

"ಅದು ಒಂದು ತುಂಡು ಕಲ್ಲು ಅಣ್ಣಾ," ಎಂದಳು ನರ್ಸಮ್ಮ. "ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ತೂತು. ನೀರು ತೆವಳಿಕೊಂಡು ಬರುತ್ತೆ, ಕೆಸರು ಹಿಂದೆ ಉಳಿಯುತ್ತೆ. ನೆಲದಡಿಯ ಬಂಡೆ ಬೀದಿಯಷ್ಟು ಅಗಲ. ಅದರಲ್ಲಿ ಬೆರಳು ತೂರುವಂಥ ಬಿರುಕುಗಳಿರುತ್ತವೆ. ಅಲ್ಲಿ ನೀರು ತೆವಳಲ್ಲ, ಓಡುತ್ತೆ. ಅಷ್ಟೇ ಅಲ್ಲ, ಕೆಸರನ್ನ ಕಲ್ಲು ತಡೀಬಹುದು, ನೀರಲ್ಲಿ ಕರಗಿದ ಬಣ್ಣವನ್ನ ಹೇಗೆ ತಡೆಯುತ್ತೆ?"

"ಎಲ್ಲಾ ಪುಸ್ತಕದ ಬದನೆಕಾಯಿ!"

"ಸರಿ, ನೋಡೇ ಬಿಡೋಣ."

ಒಂದು ಚೆಂಬು ಬಣ್ಣದ ನೀರು ಮೊಗೆದುಕೊಂಡು ಅವಳು ನೇರ ಅಡುಗೆಮನೆಗೆ ನಡೆದಳು. ಕಲ್ಲು ಇನ್ನೂ ಅದೇ ಮೂಲೆಯಲ್ಲಿತ್ತು. ಅವನು ಓಡಿಹೋಗಿ ಎರಡೂ ಕೈ ಚಾಚಿ ಅಡ್ಡ ನಿಂತ.

"ಬೇಡ ಕಣೇ! ವಿಷ ಅದು! ಒಳಗೆ ಇಳಿದ್ರೆ ಜನ್ಮದಲ್ಲಿ ಹೋಗಲ್ಲ!"

ಅಂದವನ ಚಾಚಿದ ಕೈಗಳು ತಾವಾಗಿಯೇ ಕೆಳಗಿಳಿದವು.

ನರ್ಸಮ್ಮ ಚೆಂಬು ಕೆಳಗಿಟ್ಟಳು. "ಕಲ್ಲಿಗೆ ಬೇಡ. ಹುಟ್ಟೋ ಮೊಮ್ಮಗುವಿಗೆ ಪರವಾಗಿಲ್ವಾ ಅಣ್ಣಾ?"

ಅವನು ಅಲ್ಲೇ ಕುಸಿದು ಕೂತು ಅತ್ತ. ಆಮೇಲೆ ಎದ್ದು ಬಾವಿಗೆ ಹಲಗೆ ಮುಚ್ಚಿದ. ಬಣ್ಣದ ನೀರನ್ನು ತೊಟ್ಟಿಯಲ್ಲಿ ಕೂಡಿಟ್ಟು ಊರಿನ ಶುದ್ಧೀಕರಣ ಘಟಕಕ್ಕೆ ಕಳಿಸಲು ಒಪ್ಪಿದ. ಕೈಪಂಪಿನ ನೀರು ಪರೀಕ್ಷೆಗೆ ಹೋಯಿತು. ಫಲಿತಾಂಶ ಬರುವವರೆಗೆ ಯಾರೂ ಅದನ್ನು ಕುಡಿಯಬಾರದೆಂದು ಮನೆಮನೆಗೂ ತಾನೇ ಹೋಗಿ ಹೇಳಿದ. ಮಗಳ ಮನೆಗೆ ನಲ್ಲಿ ನೀರಿನ ಕೊಡ ಹೊತ್ತವನೂ ಅವನೇ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಿತ್ತಲಲ್ಲೂ ಬತ್ತಿದ ಬಾವಿಯೋ ಕೊಳವೆಬಾವಿಯೋ ಇದ್ದೀತು. ಬಣ್ಣ, ಎಣ್ಣೆ, ಔಷಧಿ, ಯಾವುದನ್ನೂ ಅದಕ್ಕೆ ಸುರಿಯಬೇಡಿ. ಭೂಮಿ ನುಂಗಿತೆಂದು ನೆಮ್ಮದಿಯಾಗಿರಬೇಡಿ. ಕೆಳಗಿನ ಬೀದಿಯಲ್ಲಿ ಯಾರೋ ಈಗ ಅದೇ ನೀರಿನ ಲೋಟ ಎತ್ತುತ್ತಿದ್ದಾರೆ.