ಒಂದು ತಲೆ ಕಡಿಮೆ

ಕಂಡಕ್ಟರಕ್ಕ ಬಟ್ಟಬಯಲಿನಲ್ಲೂ ಅಡ್ಡಡ್ಡ ನಡೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಕಿಕ್ಕಿರಿದ ಬಸ್ಸಿನಲ್ಲಿ ಹೆಗಲು ತೂರಿಸಿ ತೂರಿಸಿ ರೂಢಿಯಾದ ಆ ನಡಿಗೆ, ಯುದ್ಧ ಬಂದು ಬೀದಿಗಳೆಲ್ಲ ಬರಿದಾದ ಮೇಲೂ ನೆಟ್ಟಗಾಗಲಿಲ್ಲ. ಆಕೆಯ ಮೇಲಿನ ನನ್ನ ಸಿಟ್ಟೂ ಇಂದಿಗೂ ಇಳಿದಿಲ್ಲ: ನನ್ನ ತಾಯಿ ಕೂತಿದ್ದ ಬಸ್ಸನ್ನು, ತಲೆಯ ಮೇಲೆ ಸಾವು ಸುಳಿಯುತ್ತಿರುವಾಗ, ಆಕೆ ಹನ್ನೊಂದು ನಿಮಿಷ ತಡೆದು ನಿಲ್ಲಿಸಿದರು.

ನಾನು ಓದಿದ್ದು ನಾಲ್ಕನೆಯ ತರಗತಿ, ಓಡಿಸುವುದು ಬಸ್ಸು, ಕೋಪ ಮೂಗಿನ ತುದಿಯಲ್ಲಿ. ಆಕೆಗೆ ಕೋಪವೆಂಬುದಿರಲಿಲ್ಲ, ಹಟವಿತ್ತು. ಮೊಣಕೈ ಸವೆದ ಖಾಕಿ ಕೋಟು, ಕಿವಿಯ ಮೇಲೆ ಮೊಂಡು ಪೆನ್ಸಿಲು, "ಒಳಗೆ ಸರೀರಿ, ಜಾಗ ಇದೆ" ಎಂಬ ಮಾತು; ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಜನ ಗುಂಡಿನ ಸದ್ದಿಗೆ ಮುದುರಿ ಕೂತಾಗಲೂ ಅದೇ ಮಾತು.

"ಎಲ್ಲಿಗಮ್ಮ ಟಿಕೆಟ್ಟು?" ಎಂದು ಮುದುಕನೊಬ್ಬ ಕೆಣಕಿದ.

"ಬದುಕೋ ಕಡೆಗೆ. ಮೊದ್ಲು ಕಾಲು ಮಡಚ್ಕೊಳ್ಳಿ, ದಾರೀಲಿದೆ."

ಕದನವಿರಾಮ ಹತ್ತು ಗಂಟೆಯವರೆಗೆ ಮಾತ್ರ. ಅಷ್ಟರೊಳಗೆ ನಮ್ಮ ಹಳೆಯ ಬಸ್ಸು ಸೇತುವೆಯತ್ತ ಹೊರಟಿರಬೇಕು. ಪರಿಹಾರ ಸಂಘದವರು ಕೊಟ್ಟ ಪಟ್ಟಿಯಲ್ಲಿ ನಲವತ್ತನಾಲ್ಕು ಜನ. ಹೆಸರು ಕೂಗಿದರೆ ಹೆದರಿದವರು ಓಗೊಡುವುದಿಲ್ಲ, ತಲೆ ಎಣಿಸಿದರೆ ತಪ್ಪುವುದಿಲ್ಲ ಎಂಬುದು ಆಕೆಯ ಅಚಲ ನಂಬಿಕೆ. ಹಿಂದಿನ ಸೀಟಿನಿಂದ ಮುಂದಕ್ಕೆ ಒಬ್ಬೊಬ್ಬರ ಹೆಗಲಿಗೂ ಪೆನ್ಸಿಲು ತಾಗಿಸುತ್ತ ಬಂದರು: ನಲವತ್ತಮೂರು. ಮತ್ತೆ ಎಣಿಸಿದರು. ಅಷ್ಟೇ.

"ಒಂದು ತಲೆ ಕಡಿಮೆ ಕಣೋ. ಯಾರೋ ಒಳಗೇ ಉಳ್ಕೊಂಡಿದಾರೆ."

"ಇರೋರನ್ನಾದ್ರೂ ಉಳ್ಸೋಣ ಅಕ್ಕ! ಗಂಟೆ ನೋಡಿ! ನಮ್ಮಮ್ಮ ಇದಾಳೆ ಬಸ್ಸಲ್ಲಿ, ನಿಮ್ಮ ಎಣಿಕೆಗೆ ಬೆಂಕಿ ಹಾಕ!"

"ಬಾಯಿ ಮುಚ್ಚೋ, ದೊಡ್ಡೋರ ಹತ್ರ ಹಾಗಾ ಮಾತಾಡೋದು?" ಎಂದು ಅಮ್ಮ ಹಿಂದಿನಿಂದ ಗದರಿದಳು. ಹತ್ತಿರದಲ್ಲೇ ಎಲ್ಲೋ ಗೋಡೆ ಕುಸಿದ ಸದ್ದು. ಕಂಡಕ್ಟರಕ್ಕ ಇಳಿದು ನೆಲಮಾಳಿಗೆಗೆ ಹೋದರು. ನಾನು ಎಂಜಿನ್ನು ಆರಿಸದೆ ಗಡಿಯಾರ ನೋಡುತ್ತ ಕೂತೆ. ಹತ್ತಕ್ಕೆ ಮೂರು ನಿಮಿಷವಿದ್ದಾಗ ಮೆಟ್ಟಿಲ ಮೇಲೆ ಕಾಣಿಸಿಕೊಂಡರು.

"ಇನ್ನೂ ಎರಡು ಕೋಣೆ ನೋಡ್ಬೇಕು. ನೀನು ಹೊರಡು. ಮುಂದಿನ ಟ್ರಿಪ್ಪಿಗೆ ನಾವಿಬ್ರೂ ಬರ್ತೀವಿ."

"ಬಂದೇ ಬರ್ತೀನಿ ಅಕ್ಕ," ಎಂದೆ.

ಸೇತುವೆಯಾಚೆ ಕಾವಲಿನವನು ಎಣಿಸಿ, "ನಲವತ್ತನಾಲ್ಕು, ಸರಿಯಾಗಿದೆ" ಎಂದ. ಅದು ಹೇಗೆ ಸಾಧ್ಯವೆಂದು ಅವನ ಮೇಲೆ ಹಾರಿಬಿದ್ದೆ. ಅವನು ಸಂಘದವರ ಪಟ್ಟಿಯ ತನ್ನ ಪ್ರತಿ ತೋರಿಸಿದ. ಅಮ್ಮನ ಹೆಸರಿನ ಕೆಳಗೆ ನನ್ನ ಹೆಸರು. ಬೆಳಿಗ್ಗೆ ನಾನೇ ಬರೆಸಿ ಮರೆತಿದ್ದೆ. ಪ್ರಯಾಣಿಕರನ್ನಷ್ಟೇ ಎಣಿಸಿ ರೂಢಿಯಾದ ಕಂಡಕ್ಟರಿಗೆ ಡ್ರೈವರ್ ಎಂದಾದರೂ ಎಣಿಕೆಗೆ ಬಂದಾನೆಯೇ?

ಜನರನ್ನಿಳಿಸಿ ಬಸ್ಸು ತಿರುಗಿಸುವಷ್ಟರಲ್ಲಿ ಸೇತುವೆಗೆ ತಡೆ ಬಿದ್ದಿತ್ತು. ಈವರೆಗೂ ತೆರೆದಿಲ್ಲ. ಶಿಬಿರ ಶಿಬಿರ ಅಲೆದು ಕೇಳಿದೆ, ಕಂಡವರಿಲ್ಲ.

ಪಾರಾದವರನ್ನು ನೋಡಿ ನಿಟ್ಟುಸಿರು ಬಿಡುವ ನಮ್ಮಂಥವರೇ ಲೋಕದ ತುಂಬ ಇದ್ದೇವೆ. ಬಾರದ ಒಬ್ಬರಿಗಾಗಿ ಬಾಗಿಲು ಹಿಡಿದು ನಿಲ್ಲುವವರು ವಿರಳ. ಅವರೊಡನೆ ಬಾಳುವುದೂ ಕಷ್ಟ, ಅವರನ್ನು ಬೈದು ಹಗುರಾಗುವುದೂ ಕಷ್ಟ. ನನ್ನಿಂದ ಆಕೆಗೆ ಒಂದು ಟ್ರಿಪ್ಪು ಬಾಕಿಯಿದೆ.