ಅಕ್ಕ ಕತ್ತರಿಸಿಟ್ಟ ಪಟ್ಟಿಗಳು

"ಚಿಕ್ಕಮ್ಮಾ, ಬಾಗಿಲು ಯಾಕೆ ಹಾಕ್ಕೊಂಡೆ? ಪಟ್ಟಿ ತಗೊಂಡು ಬಾ, ಹೊತ್ತಾಗ್ತಿದೆ!"

"ಬಂದೆ, ಬಂದೆ," ಎನ್ನುತ್ತಲೇ ತಂಗಿ ಇನ್ನೊಂದು ಪಟ್ಟಿಯ ಅಂಚನ್ನು ಕತ್ತರಿಯಿಂದ ಸವರಿ ಎಸೆದಳು. ಬೆಳಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಡುಮನೆಯಲ್ಲಿ ಅಕ್ಕನನ್ನು ಮಲಗಿಸಿದ್ದರು. ಮಧ್ಯಾಹ್ನಕ್ಕೆ ಸ್ಮಶಾನದ ಗಾಡಿ ಬರುವುದಿತ್ತು. ಬೀದಿಗೆಲ್ಲ ಬಟ್ಟೆಪಟ್ಟಿ ಕೂಡಿಸಿ ಕೌದಿ ಮಾಡಿಕೊಟ್ಟ ಅಕ್ಕ ತಾನು ಮಾತ್ರ ಅಂಗಡಿಯ ಕಂಬಳಿ ಹೊದ್ದು ಮಲಗಿದವಳು. ಅವಳು ಕತ್ತರಿಸಿಟ್ಟ ಕೊನೆಯ ಪಟ್ಟಿಗಳನ್ನು ಕೂಡಿಸಿ ಅವಳಿಗೇ ಹೊದಿಸೋಣವೆಂದು ಅಕ್ಕನ ಮಗಳು ಹೇಳಿದ್ದೇ ತಡ, ಎದುರುಮನೆಯ ಟೇಲರಮ್ಮ ತನ್ನ ಹೊಲಿಗೆ ಮಿಷನ್ನನ್ನೇ ಹೊರಿಸಿಕೊಂಡು ಬಂದುಬಿಟ್ಟಿದ್ದಳು.

ಸಂಕಟ ಇದ್ದದ್ದೇ ಅಲ್ಲಿ. ಟೇಲರಮ್ಮನ ಕಣ್ಣಿಗೆ ನೂಲಿನಷ್ಟು ಸೊಟ್ಟ ಬಿದ್ದರೂ ಸಾಕು, ಊರಿಗೆಲ್ಲ ಡಂಗುರ. ಹೊರಗೆ ಅಕ್ಕನನ್ನು ಹೊಗಳುತ್ತಿದ್ದ ಅವಳದ್ದೇ ದನಿ: "ಏನ್ ಕೈ ರೀ ಅದು! ಅವಳು ಕತ್ತರಿ ಆಡಿಸಿದ್ರೆ ಟೇಪೇ ಬಂದು ಪಾಠ ಕಲೀಬೇಕು!"

ತಂಗಿ ಕೈಯಲ್ಲಿದ್ದ ಪಟ್ಟಿಯನ್ನು ನೋಡಿದಳು. ಒಂದು ತುದಿ ನಾಲ್ಕು ಬೆರಳಗಲ, ಇನ್ನೊಂದು ತುದಿ ಮೂರು.

*

ಅದು ಶುರುವಾದದ್ದು ಹಿಂದೊಮ್ಮೆ, ಒಂದು ನಡುಹಗಲು. "ಬೆಳಕು ಸಾಲ್ತಿಲ್ಲ, ದೀಪ ಹಾಕೇ," ಅಂದಿದ್ದಳು ಅಕ್ಕ. ಕಿಟಕಿಯ ಬಿಸಿಲು ಅವಳ ಮಡಿಲಲ್ಲೇ ಬಿದ್ದಿತ್ತು. ಅಂದಿನ ನೀಲಿ ಪಟ್ಟಿಗಳು ಸೊಟ್ಟಗೆ ಬಂದವು. ತಂಗಿ ಅಗಲ ಇದ್ದ ಕಡೆ ಹೆಚ್ಚು ಬಟ್ಟೆ ಒಳಗೆ ಬಿಟ್ಟು ಹೊಲಿದಳು. ಮೇಲಿನಿಂದ ಸಾಲು ನೇರ ಕಂಡಿತು. ಅಕ್ಕ ಒಳಮಗ್ಗುಲನ್ನು ಬೆರಳಲ್ಲಿ ತಡವಿ ಮುಖ ಸಿಂಡರಿಸಿದಳು.

"ಏನೇ ಇದು, ಒಂದು ಕಡೆ ದಪ್ಪ, ಒಂದು ಕಡೆ ತೆಳು? ಇಷ್ಟು ವರ್ಷ ಕಲಿಸಿದ್ದೆಲ್ಲ ದಂಡ!"

"ಕೈ ತಪ್ಪಿತು ಅಕ್ಕ."

ಆಮೇಲೆ ದಿನವೂ ಅದೇ ಬೈಗುಳ. ತಂಗಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಕೆಟ್ಟಿರೋದು ನಿನ್ನ ಕಣ್ಣು ಎಂದು ಹೇಳಲು ಬಾಯಿ ತೆರೆದು, ಮತ್ತೆ ಮುಚ್ಚಿಕೊಳ್ಳುತ್ತಿದ್ದಳು. ಕತ್ತರಿ ಕೈಬಿಟ್ಟರೆ ಅಕ್ಕನಿಗೆ ಬೇರೆ ಬದುಕು ಗೊತ್ತಿರಲಿಲ್ಲ.

*

ಬಾಗಿಲಿನ ಸಡಿಲ ಚಿಲಕ ಒಂದೇ ನೂಕಿಗೆ ಕಳಚಿತು. ಟೇಲರಮ್ಮ ಒಳಗೆ ಬಂದೇಬಿಟ್ಟಳು. ನೆಲದ ತುಂಬ ಚೂರುಗಳು, ಒಂದು ಕಡೆ ಬೆರಳಗಲ, ಇನ್ನೊಂದು ಕಡೆ ಮೊನೆ. ಅವಳು ಒಂದನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.

"ಇದು ಯಾರ ಕೈ?"

"ನಂದೇ. ಅಕ್ಕ ಸರಿಯಾಗೇ ಕತ್ತರಿಸಿದ್ಲು. ನಾನು ಕೈ ಹಾಕಿ ಕೆಡಿಸಿದೆ."

ಟೇಲರಮ್ಮ ಅವಳನ್ನೇ ನೋಡಿದಳು. ತಂಗಿ ಸವರಿಟ್ಟ ಪಟ್ಟಿಗೆ ಆ ಚೂರನ್ನು ಹಚ್ಚಿ ನೋಡಿದಳು: ಪಟ್ಟಿ ನೇರ, ಸೊಟ್ಟವೆಲ್ಲ ಚೂರಿನಲ್ಲೇ ಇತ್ತು. ಆಮೇಲೆ ಚೂರುಗಳನ್ನೆಲ್ಲ ಬಾಚಿ ತನ್ನ ಚೀಲಕ್ಕೆ ತುರುಕಿದಳು. "ನಿನ್ನ ಕೈ ಸೇದಿಹೋಗ!" ಎಂದು ಹೊರಗಿನವರಿಗೆ ಕೇಳುವಂತೆ ಬೈದು, ಕಣ್ಣೊರೆಸಿಕೊಂಡು ಇನ್ನೊಂದು ಕತ್ತರಿ ಎತ್ತಿಕೊಂಡಳು.

ಎಲ್ಲ ಪಟ್ಟಿಗಳನ್ನೂ ತೀರಾ ಕಿರಿದಾದದ್ದರ ಅಳತೆಗೆ ಇಳಿಸಬೇಕಾಯಿತು. ಗಾಡಿ ಬರುವಷ್ಟರಲ್ಲಿ ಹೊಲಿಗೆ ಮುಗಿಯಿತು. ಸಾಲುಗಳೆಲ್ಲ ನೇರ. ಆದರೆ ಕುತ್ತಿಗೆಯಿಂದ ಹೊದಿಸಿದರೆ ಕೌದಿ ಕಣಕಾಲಿಗೇ ಮುಗಿದುಹೋಯಿತು.

"ಅಮ್ಮ ಕತ್ತರಿಸಿದ್ದನ್ನ ಹಾಗೇ ಬಿಟ್ಟಿದ್ರೆ ಸಾಕಾಗ್ತಿತ್ತು," ಮಗಳು ಬಿಕ್ಕಿದಳು. "ಇವತ್ತಾದ್ರೂ ಸುಮ್ಮನಿರಬಾರದಾಗಿತ್ತಾ ಚಿಕ್ಕಮ್ಮ?"

"ತಪ್ಪಾಯ್ತಮ್ಮ."

ತಂಗಿ ಕೊನೆಗೂ ಕುಳಿತಳು. ಹೊರಗೇ ಉಳಿದಿದ್ದ ಅಕ್ಕನ ಪಾದಗಳನ್ನು ಎರಡೂ ಅಂಗೈಗಳಲ್ಲಿ ಮುಚ್ಚಿ ಹಿಡಿದಳು. ಗಾಡಿಯವರು ಬಂದು ಎತ್ತುವವರೆಗೂ ಬಿಡಲಿಲ್ಲ.