ಸೆರಗು ನೇಯ್ದಾಕಿ

ಸೋಮವಾರ ಬೆಳಿಗ್ಗೆ, ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವ ಲಕ್ಷ್ಮಪ್ಪ ಸಾವುಕಾರರ ಸ್ಕೂಟರು ಮನೆ ಮುಂದೆ ನಿಂತಾಗ ನಾಗರತ್ನಾಳ ಬಾಯಲ್ಲಿ ಸುಳ್ಳು ಆಗಲೇ ಸಿದ್ಧವಾಗಿತ್ತು. ಇವತ್ತಿನದು ಗಂಡನ ಹೊಟ್ಟೆನೋವು. ಹೋದ ವಾರ ಜ್ವರ ಆಗಿತ್ತು, ಅದರ ಹಿಂದಿನ ವಾರ ಕೆರೂರಿನಲ್ಲಿ ಯಾರೋ ಸತ್ತು ಮಣ್ಣಿಗೆ ಹೋದದ್ದು. ಗಂಡ ನಿಂಗರಾಜ ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ. ರಾತ್ರಿ ಕುಡಿದದ್ದು ಇನ್ನೂ ಇಳಿದಿರಲಿಲ್ಲ.

ಸಾವುಕಾರರು ಸೀರೆ ಯಾಕೆ ತಡವಾಯಿತೆಂದು ಕೇಳಲು ಬಂದಿರಲಿಲ್ಲ. ಸ್ಕೂಟರಿನ ಮೇಲೇ ಕುಳಿತು ನಗುತ್ತಿದ್ದರು. ಶುಕ್ರವಾರದಿಂದ ಬಾಗಲಕೋಟೆಯಲ್ಲಿ ಮೂರು ದಿನ ಕೈಮಗ್ಗದ ಪ್ರದರ್ಶನ. ಅದಕ್ಕೆ ಸೀರೆ ಆರಿಸಲು ಬಂದವರು ಇಳಕಲ್ಲಿನ ಅಂಗಡಿಗಳನ್ನೆಲ್ಲ ಸುತ್ತಿ, ಕೊನೆಗೆ ಇವರ ಅಂಗಡಿಯಲ್ಲಿ ಒಂದು ಸೀರೆಯ ಸೆರಗು ಹಿಡಿದು ಬಿಡಲಿಲ್ಲವಂತೆ. ಇದನ್ನು ನೇಯ್ದ ಕೈಯೇ ಬಂದು ಜನರ ಎದುರು ನೇಯಬೇಕು ಎಂದರಂತೆ.

ಮಾತು ಕೇಳಿ ನಿಂಗರಾಜ ಎದ್ದು ಬಂದ. ಬಾಗಿಲ ಚೌಕಟ್ಟು ಹಿಡಿದು ನಿಂತು, ಕಣ್ಣು ಉಜ್ಜಿಕೊಂಡು, "ಆತ್ರಿ ಸಾವ್ಕಾರ್ರ, ಬರ್ತೇನಿ" ಎಂದ.

ಸ್ಕೂಟರು ಹೋದ ಮೇಲೆ ನಾಗರತ್ನಾ ಅಡುಗೆಮನೆಗೆ ಓಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಹಂಚಿನ ಮೇಲಿನ ರೊಟ್ಟಿ ಕರಕಾದದ್ದೂ ಅವಳಿಗೆ ತಿಳಿಯಲಿಲ್ಲ. ಪ್ರದರ್ಶನದವರು ಹಿಡಿದು ಬಿಡದ ಆ ಸೆರಗನ್ನು ನೇಯ್ದವಳು ಅವಳು.

ಇಳಕಲ್ ಸೀರೆಯ ಸೆರಗು ಒಬ್ಬರಿಂದ ಆಗುವ ಕೆಲಸವಲ್ಲ. ಕೆಂಪು ನೆಲದಲ್ಲಿ ಬಿಳಿ ತೆನೆ ಎಬ್ಬಿಸಲು ಮೂರು ಲಾಳಿ ಬೇಕು. ಒಂದು ಬಣ್ಣದ ಎಳೆ ಇನ್ನೊಂದರ ಎಳೆಗೆ ಕೊಂಡಿ ಹಾಕಿಕೊಂಡೇ ತಿರುಗಬೇಕು. ಮಗ್ಗದ ಮೇಲೆ ಒಬ್ಬರು, ಪಕ್ಕದಲ್ಲಿ ಲಾಳಿ ಹಿಡಿದು ಕೊಡಲು ಇನ್ನೊಬ್ಬರು. ಮೊದಲು ಮಗ್ಗದ ಮೇಲೆ ನಿಂಗರಾಜ, ಪಕ್ಕಕ್ಕೆ ನಾಗರತ್ನಾ. ಎರಡು ವರ್ಷದಿಂದ ಅವನ ಜಾಗದಲ್ಲಿ ಅವಳು ಕೂತಿದ್ದಳು, ಅವಳ ಜಾಗದಲ್ಲಿ ಅತ್ತೆ ಗುರುಲಿಂಗವ್ವ. ಊರಲ್ಲಿ ಹೆಂಗಸರು ನೇಯುವುದೇನೂ ಹೊಸದಲ್ಲ. ಆದರೆ ಮಗ್ಗ ಅವನ ಹೆಸರಿನಲ್ಲಿತ್ತು. ತಾನು ನೇಯುತ್ತೇನೆ ಎಂದರೆ ಅವನೇನು ಮಾಡುತ್ತಾನೆ ಎಂಬ ಪ್ರಶ್ನೆ ಬರುತ್ತಿತ್ತು. ಹಾಗಾಗಿ ಅತ್ತೆ ಸೊಸೆ ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರು.

ನಿಂಗರಾಜ ಅಂದೇ ಕುಡಿಯುವುದನ್ನು ನಿಲ್ಲಿಸಿದ. ನಾಲ್ಕು ದಿನದಲ್ಲಿ ಕೈ ಹಿಡಿತಕ್ಕೆ ಬರುತ್ತದೆ ಎಂದ. ಮಂಗಳವಾರ ಸಂಜೆಗೆ ಚಹಾದ ಕಪ್ಪು ಬಸಿ ಅವನ ಕೈಯಲ್ಲಿ ಗಲಗಲ ಸದ್ದು ಮಾಡತೊಡಗಿತು. ಬುಧವಾರ ಮಗ್ಗದ ಕುಣಿಗೆ ಇಳಿದು ಕೂತ. ಬೆವರು ಹಣೆಯಿಂದ ನೂಲಿನ ಮೇಲೆ ತೊಟ್ಟಿಕ್ಕಿತು. ಕೊಂಡಿ ಮೇಲಿಂದ ಮೇಲೆ ತಪ್ಪಿತು, ಎಳೆ ಹರಿದವು. ಮಧ್ಯಾಹ್ನದ ಹೊತ್ತಿಗೆ ಎದ್ದು ಬಂದು ಹೆಂಡತಿಯ ಮುಖ ನೋಡದೆ ಒಂದು ಉಪಾಯ ಹೇಳಿದ. ಅಲ್ಲಿ ತಾನು ಮಗ್ಗದ ಮೇಲೆ ಕೂಡುತ್ತೇನೆ, ಪಕ್ಕದಲ್ಲಿ ಕೂತು ಎಲ್ಲವನ್ನೂ ಅವಳೇ ಮಾಡಲಿ. ನೋಡುವ ಮಂದಿಗೆ ಯಾವ ಕೈ ಯಾರದೆಂದು ಎಲ್ಲಿ ತಿಳಿಯುತ್ತದೆ?

ನಾಗರತ್ನಾ ಹರಿದ ಎಳೆಗಳನ್ನು ಗಂಟು ಹಾಕತೊಡಗಿದಳು.

ಗುರುವಾರ ಮಧ್ಯಾಹ್ನ ಕುಡಿಯುವವರ ಮನೆಯ ಹೆಂಗಸರ ಸಭೆ ಇತ್ತು. ಹಳೆಯ ಸಾಲೆಯ ಒಂದು ಕೋಣೆ, ಒಂದು ಜಮಖಾನೆ, ಹತ್ತು ಹನ್ನೆರಡು ಮಂದಿ. ನಡೆಸುವವಳು ಲಾಡಬಿ. ಅವಳ ಗಂಡ ಹುಸೇನಪೀರ ಕುಡಿತ ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಟ್ಟು, ಈಗ ಆರು ವರ್ಷದಿಂದ ಗಂಡಸರ ಸಭೆ ನಡೆಸುತ್ತಿದ್ದ. ಕುಡಿಯುವವನ ಹೆಸರಿನಲ್ಲಿ ಸುಳ್ಳು ಹೇಳಬೇಡಿ, ಅವನು ಮಾಡಬೇಕಾದ್ದನ್ನು ನೀವು ಮಾಡಿ ಮುಚ್ಚಬೇಡಿ ಎಂದು ಅಲ್ಲಿ ಪ್ರತಿ ವಾರ ಹೇಳುತ್ತಿದ್ದರು. ಐದು ತಿಂಗಳಿಂದ ತಲೆಯಾಡಿಸುತ್ತ ಬಂದ ನಾಗರತ್ನಾ ಮಗ್ಗದ ವಿಷಯ ಮಾತ್ರ ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ. ಜ್ವರ ಎನ್ನುವುದು ಸುಳ್ಳು ಸರಿ, ನೇಯುವುದು ದುಡಿಮೆಯಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಅಷ್ಟು ಹೇಳಿಕೊಂಡರೂ ಸಮಾಧಾನ ಆಗಿರಲಿಲ್ಲ.

ಅಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಲಾಡಬಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು.

"ಎರಡು ವರ್ಷ ಊರಿಗೆ ಊರನ್ನೇ ಮಳ್ಳ ಮಾಡೀದಿ ಬಿಡವಾ. ಅಂಥಾ ಸೆರಗ ನೇಯ್ದು ಸೆರಗಿನ ಹಿಂದ ಅಡಗಿ ಕುಂತಿ."

ಥಟ್ಟನೆ ನಗು ನಿಲ್ಲಿಸಿ ಅವನ ಕೈ ಎಷ್ಟು ದಿನದಿಂದ ನಡುಗುತ್ತಿದೆ ಎಂದು ಕೇಳಿದಳು. ಕೇಳಿದವಳೇ ಎದ್ದು ನಿಂತಳು. ದಿನಾ ಕುಡಿಯುವವನು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ, ಮನೆಯಲ್ಲಿ ಇಟ್ಟುಕೊಂಡು ಕೂಡುವಂಥದ್ದಲ್ಲ ಎಂದಳು. ಗಂಡನಿಗೆ ಫೋನು ಹಚ್ಚಿದಳು. ಅರ್ಧ ತಾಸಿನಲ್ಲಿ ಹುಸೇನಪೀರ ನಿಂಗರಾಜನನ್ನು ಡಾಕ್ಟರ ಎದುರು ಕೂಡಿಸಿದ್ದ. ಡಾಕ್ಟರು ಅಲ್ಲೇ ಸೂಜಿ ಚುಚ್ಚಿ, ಗುಳಿಗೆ ಕೊಟ್ಟು, ರಾತ್ರಿ ಒಬ್ಬರು ಎಚ್ಚರವಿದ್ದು ನೋಡಿಕೊಳ್ಳಬೇಕು, ಬೆಳಿಗ್ಗೆಯೇ ಬಾಗಲಕೋಟೆಯ ದವಾಖಾನೆಗೆ ದಾಖಲು ಮಾಡಬೇಕು ಎಂದು ಚೀಟಿ ಬರೆದುಕೊಟ್ಟರು.

ಬೆಳಿಗ್ಗೆ ಅಂದರೆ ಶುಕ್ರವಾರ.

ಹುಸೇನಪೀರ ಅವರನ್ನು ಮನೆಗೆ ಕರೆತಂದಾಗ ಗುರುಲಿಂಗವ್ವ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಗುಳಿಗೆ ನುಂಗಿ ಮೂರು ದಿನ ಹೇಗೋ ಕಳೆಯಲಿ, ಮಗನ ಹೆಸರು ಬರಲಿ, ದವಾಖಾನೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಗೋಗರೆದಳು. ನಿಂಗರಾಜನಿಗೂ ಅದೇ ಬೇಕಿತ್ತು.

ನಾಗರತ್ನಾ ಅತ್ತೆಯ ಕೈಯಿಂದ ಚೀಟಿ ತೆಗೆದುಕೊಂಡಳು. ತಾನು ಬಾಯಿಬಿಟ್ಟರೆ ಗಂಡನ ಮಾನ ಹೋಗುತ್ತದೆ, ಸಾವುಕಾರರು ಮಗ್ಗದ ಕೆಲಸವನ್ನೇ ಕಿತ್ತುಕೊಂಡರೆ ಹೊಟ್ಟೆಗೂ ಇಲ್ಲ. ಬಾಯಿ ಬಿಡದಿದ್ದರೆ ಈ ಮನುಷ್ಯ ಮೂರು ದಿನ ಜನರ ನಡುವೆ ನಡುಗುತ್ತ ಕೂಡಬೇಕು. ತನ್ನ ಮನಸ್ಸನ್ನೂ ಅವಳು ನಂಬಲಿಲ್ಲ. ತನ್ನ ಹೆಸರಿನ ಆಸೆಗೆ ಹೀಗೆ ಮಾಡುತ್ತಿದ್ದೇನೋ ಎಂದು ಕೇಳಿಕೊಂಡಳು. ಆಸೆ ಇತ್ತು, ಸುಳ್ಳಲ್ಲ. ಇದ್ದರೆ ಇರಲಿ ಎಂದುಕೊಂಡು ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?" ನಿಂಗರಾಜ ಕೇಳಿದ.

"ಸಾವ್ಕಾರ್ರ ಅಂಗಡಿಗೆ. ನೀವೂ ಬರ್ರಿ. ನಿಮ್ಮ ಹಿಂದ ಹೇಳೂದಿಲ್ಲ, ಎದುರಿಗೇ ಹೇಳ್ತೇನಿ."

ದಾರಿಯುದ್ದಕ್ಕೂ ಅವನು ನಾಲ್ಕು ಹೆಜ್ಜೆ ಹಿಂದೆಯೇ ಇದ್ದ, ಜೊತೆಗೆ ಹುಸೇನಪೀರ. ಬರುತ್ತಾನೋ ತಿರುಗಿ ಹೋಗುತ್ತಾನೋ ಎಂದು ಅವಳು ಎರಡು ಸಲ ನಿಂತು ನೋಡಿದಳು. ಬಂದ.

ಲಕ್ಷ್ಮಪ್ಪನವರು ಅದೇ ಸೀರೆಯನ್ನು ಗಾದಿಯ ಮೇಲೆ ಹರವಿಕೊಂಡು ಕೂತಿದ್ದರು. ನಾಗರತ್ನಾ ಕೂಡಲಿಲ್ಲ. ಕೂತರೆ ಮಾತು ಹೊರಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಸಾವ್ಕಾರ್ರ, ಈ ಸೆರಗ ನೇಯ್ದಾಕಿ ನಾ. ಎರಡು ವರ್ಷದಿಂದ ಎಲ್ಲಾ ಸೆರಗ ನಾನ ನೇಯ್ದೇನಿ. ಜ್ವರ, ಮಣ್ಣು ಅಂತ ಹೇಳಿದ್ದೆಲ್ಲಾ ಸುಳ್ಳರಿ. ಇವರಿಗೆ ಕುಡಿಯೋದು ಕೈಮೀರೇತಿ. ನಾಳೆ ದವಾಖಾನಿಗೆ ಹಾಕಬೇಕು."

ಸಾವುಕಾರರ ಮುಖ ಗಂಟಾಯಿತು. ಅವಳನ್ನು ಬಿಟ್ಟು ಅವನನ್ನು ಕೇಳಿದರು. "ಖರೆ ಏನೋ ನಿಂಗರಾಜ?"

ಅವನು ಬಾಗಿಲಲ್ಲೇ ನಿಂತಿದ್ದ. ಹುಸೇನಪೀರ ಅವನ ಬೆನ್ನ ಮೇಲೆ ಕೈಯಿಟ್ಟಿದ್ದ. ನಿಂಗರಾಜ ಒಳಗೆ ಬಂದು ಎರಡೂ ಕೈಗಳನ್ನು ಸೀರೆಯ ಮೇಲೆ ಚಾಚಿ ಹಿಡಿದ. ಬೆರಳುಗಳು ಗಾಳಿಗೆ ಸಿಕ್ಕ ಎಲೆಯ ಹಾಗೆ ಆಡುತ್ತಿದ್ದವು.

"ನೋಡ್ರಿ" ಎಂದ.

ಲಕ್ಷ್ಮಪ್ಪನವರು ನೋಡಿದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಹಾಸು ನೂಲು ಏರಿಸಿ ನೇಯಲು ಸಿದ್ಧವಿದ್ದ ಮಗ್ಗ ಇತ್ತು. ಅವಳನ್ನು ಅಲ್ಲಿಗೆ ಕರೆದರು. ಪಕ್ಕಕ್ಕೆ ಕೂಡುವವರು ಯಾರು ಎಂದು ಅವಳು ಕೇಳುವುದರೊಳಗೆ ತಾವೇ ಅಂಗಿಯ ತೋಳು ಮಡಚಿ ಲಾಳಿ ಹಿಡಿದು ಕೂತರು. ಇಪ್ಪತ್ತು ವರ್ಷದ ಕೆಳಗೆ ಬಿಟ್ಟ ಕೆಲಸ. ಮೊದಲ ಸಲ ಅವರಿಗೇ ಕೊಂಡಿ ತಪ್ಪಿತು. "ಸಾವ್ಕಾರ್ರ, ಸಾವಕಾಶರಿ" ಎಂದಳು ಅವಳು. ಆಮೇಲೆ ಲಾಳಿ ಓಡತೊಡಗಿತು. ಅವಳು ಎಳೆಯುವುದು, ಅವರು ಸಿಕ್ಕಿಸುವುದು, ಅವಳು ತಿರುಗಿಸುವುದು. ತೆನೆಯ ಒಂದು ಬಿಳಿ ಹಲ್ಲು ಎದ್ದಿತು, ಇನ್ನೊಂದು, ಮತ್ತೊಂದು. ಬೆರಳಗಲ ನೇಯ್ದ ಮೇಲೆ ಸಾವುಕಾರರು ಅದರ ಮೇಲೆ ಹೆಬ್ಬೆರಳು ಸವರಿ ಎದ್ದರು.

"ಸುಳ್ಳು ಹೇಳಿದ್ದಕ್ಕ ಸಿಟ್ಟು ಐತಿ, ಅದು ಹಂಗ ಇರ್ತದ" ಎಂದರು. "ಮುಂಜಾನೆ ಆರರ ಬಸ್ಸು. ನಿಮ್ಮ ಅತ್ತೀನ್ನ ಪಕ್ಕಕ್ಕ ಕರಕೊಂಡು ಬಾ."

ಅದೇ ಬಸ್ಸಿನಲ್ಲಿ ನಿಂಗರಾಜ, ಹುಸೇನಪೀರ ಸಹಿತ ಎಲ್ಲರೂ ಹೊರಟರು. ಹುನಗುಂದ ದಾಟುವವರೆಗೂ ಗುರುಲಿಂಗವ್ವ ಸೊಸೆಗೆ ಬೆನ್ನು ಹಾಕಿ ಕಿಟಕಿಯಾಚೆ ನೋಡುತ್ತ ಕೂತಳು. ಆಮೇಲೆ ಕಟ್ಟಿಕೊಂಡು ಬಂದ ರೊಟ್ಟಿ ಬಿಚ್ಚಿ ಮೊದಲು ಅವಳ ಕೈಗೇ ಕೊಟ್ಟಳು. ಬಾಗಲಕೋಟೆಯಲ್ಲಿ ಇಳಿದಾಗ ನಾಗರತ್ನಾ ದವಾಖಾನೆಯ ಕಡೆಗೆ ಹೆಜ್ಜೆ ಹಾಕಿದಳು. ನಿಂಗರಾಜ ತಡೆದ.

"ಹುಸೇನಣ್ಣ ಅದಾನ. ನೀ ಮಗ್ಗಕ್ಕ ಹೋಗು, ಹೊತ್ತಾಗೇತಿ."

ಅವಳು ಹೋಗುವವರನ್ನು ಒಂದು ಗಳಿಗೆ ನೋಡಿ, ಅತ್ತೆಯ ಕೈ ಹಿಡಿದು ಓಡುವ ಹಾಗೆ ನಡೆದಳು.

ಹತ್ತೂವರೆಗೆಲ್ಲ ಪ್ರದರ್ಶನದ ಮಗ್ಗದ ಸುತ್ತ ಮಂದಿ ನೆರೆದಿತ್ತು. ಅತ್ತೆ ಸೊಸೆ ನಡುವೆ ಮೂರು ಲಾಳಿ ಓಡುತ್ತಿದ್ದವು. ಕಾಲೇಜಿನ ಹುಡುಗಿಯೊಬ್ಬಳು ಬಗ್ಗಿ, ಈ ಕೊಂಡಿ ಹಾಕುವುದನ್ನು ನಿಮಗೆ ಕಲಿಸಿದವರು ಯಾರು ಎಂದು ಕೇಳಿದಳು.

"ನಮ್ಮನಿಯವ್ರು" ಎಂದಳು ನಾಗರತ್ನಾ, ಲಾಳಿ ನಿಲ್ಲಿಸದೆ. "ಮದುವ್ಯಾದ ಹೊಸತನದಾಗ, ಕೈ ಹಿಡಿದು ಕಲಿಸ್ಯಾರ."